ಉದ್ದ ಪದಗಳನ್ನು ಒಡೆಯಲು ಕಲಿತ ಹತ್ತು ತಿಂಗಳು

ಇಂಗ್ಲಿಷ್ ಮಾತಿನ ಪರೀಕ್ಷೆಯ ನನ್ನ ಎರಡನೆಯ ಫಲಿತಾಂಶ ಕಳೆದ ವಾರ ಕೈಸೇರಿತು. ಮೊದಲ ಸಲ ಉಚ್ಚಾರಣೆಯ ವಿಭಾಗದಲ್ಲಿ ಬೇಕಾದಷ್ಟು ಅಂಕ ಬಾರದೆ, ಹತ್ತು ತಿಂಗಳು ಉದ್ದುದ್ದ ಪದಗಳೊಂದಿಗೆ ಗುದ್ದಾಡಿ, ಮತ್ತೊಮ್ಮೆ ಶುಲ್ಕ ಕಟ್ಟಿ ಕುಳಿತ ಪರೀಕ್ಷೆ ಅದು. ಈ ಹತ್ತು ತಿಂಗಳಲ್ಲಿ ಕನಿಷ್ಠ ನಾಲ್ಕು ತಿಂಗಳು ನಾನು ತಪ್ಪು ಕಡೆಯಿಂದ ಕೆಲಸ ಮಾಡುತ್ತಿದ್ದೆ ಎಂಬುದು ಈಗ ಸ್ಪಷ್ಟವಾಗಿ ಕಾಣುತ್ತಿದೆ. ಇದೇ ದಾರಿಯಲ್ಲಿ ಹೊರಟವರಿಗೆ ಆ ನಾಲ್ಕು ತಿಂಗಳಾದರೂ ಉಳಿಯಲಿ ಎಂದು, ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆಯುತ್ತಿದ್ದೇನೆ.

ಮೊದಲ ಪರೀಕ್ಷೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಪರದೆಯ ಮೇಲೆ ಮೂಡುವ ಒಂದು ಪರಿಚ್ಛೇದವನ್ನು ಗಟ್ಟಿಯಾಗಿ ಓದಬೇಕಾಗಿತ್ತು. ಓದುವುದು ನನಗೆ ಎಂದೂ ಭಯದ ಕೆಲಸವಾಗಿರಲಿಲ್ಲ. ಒಂದು ಅಕ್ಷರವನ್ನೂ ನುಂಗದೆ, ಪ್ರತಿ ಪದವನ್ನೂ ಬಿಡಿಸಿ ಓದಿ, ಕೆಲಸ ಚೆನ್ನಾಗಿ ಆಯಿತೆಂಬ ತೃಪ್ತಿಯಲ್ಲಿ ಹೊರಗೆ ಬಂದೆ. ಫಲಿತಾಂಶಕ್ಕೆ ಹನ್ನೊಂದು ದಿನ ಕಾಯಬೇಕಾಯಿತು. ಬಂದ ಅಂಕಪಟ್ಟಿಯಲ್ಲಿ ವ್ಯಾಕರಣ, ಪದಸಂಪತ್ತು ಎರಡೂ ಚೆನ್ನಾಗಿದ್ದವು. ಉಚ್ಚಾರಣೆಯ ಎದುರಿಗೆ ಮಾತ್ರ ಕೆಳಗಿನ ಶ್ರೇಣಿ, ಅದರ ಜೊತೆಗೆ, ಬಹುಪದಗಳಲ್ಲಿ ಸ್ವರಭಾರ ತಪ್ಪಿದ ಜಾಗದಲ್ಲಿ ಬಿದ್ದಿದೆ ಎಂಬ ಅರ್ಥದ ಒಂದು ವಾಕ್ಯ. ಸ್ವರಭಾರ ಎಂದರೇನು ಎಂಬುದೇ ನನಗೆ ಸರಿಯಾಗಿ ತಿಳಿದಿರಲಿಲ್ಲ. ಇಷ್ಟು ವರ್ಷ ಓದಿ, ಬರೆದು, ಮಾತನಾಡಿದ ಭಾಷೆಯಲ್ಲಿ ಹೆಸರೇ ಗೊತ್ತಿಲ್ಲದ ದೋಷವೊಂದು ನನ್ನ ನಾಲಿಗೆಯ ಮೇಲಿತ್ತು ಎಂಬುದು ಮನಸ್ಸಿಗೆ ಬಹಳ ನೋವು ಕೊಟ್ಟಿತು. ಎರಡು ವಾರ ಆ ಕಾಗದವನ್ನು ಮತ್ತೆ ತೆಗೆದು ನೋಡಲಿಲ್ಲ.

ಆಮೇಲೆ ಪರಿಚಯದ ನಿವೃತ್ತ ಅಧ್ಯಾಪಕಿಯೊಬ್ಬರ ಬಳಿಗೆ ಹೋದೆ. ಅವರು ನನ್ನಿಂದ ಅರ್ಧ ಪುಟ ಓದಿಸಿ, ಅದನ್ನು ಮೊಬೈಲಿನಲ್ಲಿ ಮುದ್ರಿಸಿಕೊಂಡು, ನನಗೇ ಕೇಳಿಸಿದರು. "ಈ ಓದಿನಲ್ಲಿ ಯಾವ ಅಕ್ಷರ ಮುಖ್ಯ, ಯಾವುದು ಮುಖ್ಯವಲ್ಲ, ಹೇಳಿ ನೋಡೋಣ" ಎಂದರು. ನನಗೆ ಎಲ್ಲವೂ ಒಂದೇ ಸಮ ಕೇಳಿಸಿತು. "ಅದೇ ತೊಂದರೆ. ನೀವು ಪದವನ್ನು ಓದುತ್ತಿಲ್ಲ, ಅದರ ಕಾಗುಣಿತವನ್ನು ಓದುತ್ತಿದ್ದೀರಿ" ಎಂದರು. ವಾರಕ್ಕೆ ಒಂದು ಗಂಟೆಯಂತೆ ಕಲಿಸಲು ಒಪ್ಪಿಕೊಂಡ ಅವರು ಹಣದ ಮಾತನ್ನೇ ಎತ್ತಲಿಲ್ಲ. ದಿನಕ್ಕೆ ಅರ್ಧ ಗಂಟೆ ನಾನು ಒಬ್ಬನೇ ಗಟ್ಟಿಯಾಗಿ ಓದಬೇಕು, ಅದನ್ನು ಮುದ್ರಿಸಿ ಕೇಳಬೇಕು ಎಂಬ ಒಂದೇ ಷರತ್ತು ಹಾಕಿದರು. ಒಬ್ಬರೇ ಕಲಿಯುವವರು ಈ ಷರತ್ತನ್ನು ತಮಗೆ ತಾವೇ ಹಾಕಿಕೊಳ್ಳಬೇಕು. ಏಕೆಂದರೆ ಓದುವಾಗ ನಮ್ಮ ಕಿವಿಗೆ ಕೇಳಿಸುವುದು ನಾವು ಹೇಳಬೇಕೆಂದುಕೊಂಡದ್ದೇ ಹೊರತು ಹೇಳಿದ್ದಲ್ಲ.

ಮೊದಲ ತಿಂಗಳು ಪೂರ್ತಿ ಎಣಿಕೆಯಲ್ಲಿ ಕಳೆಯಿತು. ಗಲ್ಲದ ಕೆಳಗೆ ಅಂಗೈಯನ್ನು ಅಡ್ಡವಾಗಿ ಹಿಡಿದು ಪದವನ್ನು ನಿಧಾನವಾಗಿ ಹೇಳಬೇಕು. ದವಡೆ ಎಷ್ಟು ಸಲ ಕೆಳಗಿಳಿದು ಕೈಗೆ ತಾಗುತ್ತದೆಯೋ ಅಷ್ಟು ಉಚ್ಚಾರಾಂಶಗಳು, ಅಂದರೆ ಒಂದೇ ಸಲಕ್ಕೆ ಹೊರಡುವ ಧ್ವನಿಯ ತುಂಡುಗಳು, ಆ ಪದದಲ್ಲಿವೆ ಎಂದು ಲೆಕ್ಕ. ಪ್ರತಿ ಉಚ್ಚಾರಾಂಶಕ್ಕೂ ನಡುವೆ ಒಂದು ಸ್ವರ ಬೇಕು, ಸ್ವರಕ್ಕಾಗಿ ಬಾಯಿ ತೆರೆಯಲೇಬೇಕು. ಈ ಲೆಕ್ಕಕ್ಕೂ ಬರೆಯುವ ಅಕ್ಷರಗಳ ಸಂಖ್ಯೆಗೂ ಸಂಬಂಧವಿಲ್ಲ ಎಂಬುದು ನನಗೆ ಆದ ಮೊದಲ ಆಘಾತ. 'ಸ್ಟ್ರೆಂತ್ಸ್' ಎಂಬ ಪದಕ್ಕೆ ಇಂಗ್ಲಿಷಿನಲ್ಲಿ 9 ಅಕ್ಷರಗಳಿವೆ, ಉಚ್ಚಾರಾಂಶ ಮಾತ್ರ ಒಂದೇ. 'ಏರಿಯಾ' ಎಂಬುದಕ್ಕೆ 4 ಅಕ್ಷರ, ಉಚ್ಚಾರಾಂಶ 3. 'ಬಿಸಿನೆಸ್' ಎಂದು ನಾವು ಮೂರು ತುಂಡಾಗಿ ಹೇಳುವ ಪದ ನಿಜದಲ್ಲಿ 'ಬಿಜ್-ನಿಸ್' ಎಂದು ಎರಡೇ ತುಂಡು. 'ಕಂಫರ್ಟೆಬಲ್' ಎಂಬುದನ್ನು ಬಹುತೇಕರು 'ಕಂಫ್-ಟ-ಬಲ್' ಎಂದು ಮೂರಕ್ಕೆ ಇಳಿಸುತ್ತಾರೆ. ಗಲ್ಲದ ಪರೀಕ್ಷೆಗೂ ಒಂದು ಮಿತಿಯಿದೆ: 'ರಿದಮ್', 'ಬಟನ್' ಮೊದಲಾದ ಪದಗಳ ಕೊನೆಯಲ್ಲಿ ಅನುನಾಸಿಕ ವ್ಯಂಜನವೇ ಸ್ವರದ ಜಾಗವನ್ನು ತುಂಬುತ್ತದೆ, ಅಲ್ಲಿ ದವಡೆ ಕದಲದಿದ್ದರೂ ಒಂದು ಉಚ್ಚಾರಾಂಶ ಲೆಕ್ಕಕ್ಕೆ ಸೇರಬೇಕು.

ಕನ್ನಡಿಗರಾದ ನಮಗೆ ಇಲ್ಲಿ ಎರಡು ತೊಡಕುಗಳು ಕಾದಿವೆ. ಮೊದಲನೆಯದು ನಮ್ಮ ಪದಗಳು ಬಹುಮಟ್ಟಿಗೆ ಸ್ವರದಲ್ಲಿ ಮುಗಿಯುವುದು. ಬಸ್ಸು, ಬ್ಯಾಂಕು, ರೋಡು ಎಂದು ಹೇಳಿ ಅಭ್ಯಾಸವಾದ ನಾಲಿಗೆ ಇಂಗ್ಲಿಷ್ ಓದುವಾಗಲೂ ಕೊನೆಗೊಂದು ಸಣ್ಣ ಉಕಾರವನ್ನು ಸೇರಿಸಿಬಿಡುತ್ತದೆ, ಒಂದು ಉಚ್ಚಾರಾಂಶ ತಾನಾಗಿ ಹೆಚ್ಚುತ್ತದೆ. ಭೂತಕಾಲದ ಪದಗಳಲ್ಲಿಯೂ ನಾನು ಇದೇ ತಪ್ಪನ್ನು ಮಾಡುತ್ತಿದ್ದೆ. 'ವಾಂಟ್' ಎಂಬುದು ಟಕಾರದಲ್ಲಿ ಮುಗಿಯುವುದರಿಂದ 'ವಾಂಟೆಡ್' ಎರಡು ಉಚ್ಚಾರಾಂಶ; ಡಕಾರದಲ್ಲಿ ಮುಗಿಯುವ 'ನೀಡ್' ಕೂಡ 'ನೀಡೆಡ್' ಆಗುತ್ತದೆ. ಉಳಿದ ಕ್ರಿಯಾಪದಗಳಲ್ಲಿ ಕೊನೆಗೆ ಸೇರುವ ಆ 'ಎಡ್' ಪ್ರತ್ಯಯಕ್ಕೆ ಸ್ವಂತ ಸ್ವರವಿಲ್ಲ, ಆದ್ದರಿಂದ 'ವಾಕ್' ಭೂತಕಾಲಕ್ಕೆ ಹೋದರೂ ಒಂದೇ ಉಚ್ಚಾರಾಂಶವಾಗಿ ಉಳಿಯುತ್ತದೆ. ನಾನು ಅದನ್ನು ಜೀವನಪೂರ್ತಿ 'ವಾಕೆಡ್' ಎನ್ನುತ್ತಿದ್ದೆ.

ಎರಡನೆಯ ತೊಡಕು ನಮ್ಮ ಲಿಪಿಯದು. 'ಶಕ್ತಿ' ಎಂದು ಬರೆಯುವಾಗ 'ಶ' ಒಂದು ಅಕ್ಷರ, 'ಕ್ತಿ' ಇನ್ನೊಂದು ಅಕ್ಷರ ಎಂದು ಕಣ್ಣಿಗೆ ಕಾಣುತ್ತದೆ. ನಾಲಿಗೆ ಹೇಳುವುದು ಮಾತ್ರ 'ಶಕ್-ತಿ' ಎಂದೇ. ನಾನು 'ಸೆಪ್ಟೆಂಬರ್' ಎಂಬುದನ್ನು 'ಸೆ-ಪ್ಟೆಂ-ಬರ್' ಎಂದು ಒಡೆದು ಅಧ್ಯಾಪಕಿಯವರಿಗೆ ತೋರಿಸಿದಾಗ ಅವರು, "ಛಂದಸ್ಸು ಓದಿದ್ದೀರಲ್ಲ, ಶಕ್ತಿಯಲ್ಲಿ 'ಶ' ಯಾಕೆ ಗುರುವಾಗುತ್ತದೆ?" ಎಂದು ಕೇಳಿದರು. ಒತ್ತಕ್ಷರದ ಹಿಂದಿನ ಅಕ್ಷರ ಗುರು ಎಂಬ ಸೂತ್ರವನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ. ಅದು ಏಕೆ ಗುರು ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಮುಂದಿನ ಒತ್ತಕ್ಷರದ ಮೊದಲ ವ್ಯಂಜನ ಹಿಂದಿನ ಸ್ವರಕ್ಕೆ ಅಂಟಿಕೊಂಡು ಆ ತುಂಡನ್ನು ಭಾರವಾಗಿಸುತ್ತದೆ ಎಂಬುದೇ ಕಾರಣ. ಕಣ್ಣಿಗೆ ಕಾಣುವ ಅಕ್ಷರವನ್ನು ಬಿಟ್ಟು ಕಿವಿಗೆ ಕೇಳುವ ತುಂಡನ್ನು ಹಿಡಿಯುವ ವಿದ್ಯೆ ನಮ್ಮ ಛಂದಸ್ಸಿನಲ್ಲಿಯೇ ಇತ್ತು. ಇದು ಮುಂದೆ ಇನ್ನೊಂದು ಕಡೆ ಅನಿರೀಕ್ಷಿತವಾಗಿ ಉಪಯೋಗಕ್ಕೆ ಬಂತು, ಅದನ್ನು ಆಮೇಲೆ ಹೇಳುತ್ತೇನೆ.

ಈ ಹಂತದಲ್ಲಿಯೇ ನಾನು ಒಂದು ದೊಡ್ಡ ನಿಘಂಟನ್ನು ಕೊಂಡೆ, ಅದನ್ನು ಬಳಸುವ ರೀತಿ ತಿಳಿಯದೆ ಮೂರು ವಾರ ಕಳೆದುಕೊಂಡೆ. ಮುಖ್ಯ ನಮೂದಿನಲ್ಲಿ ಪದದ ನಡುವೆ ಚುಕ್ಕಿಗಳಿದ್ದವು. ಅವೇ ಉಚ್ಚಾರಾಂಶದ ಗಡಿಗಳೆಂದು ನಂಬಿ ನೂರಾರು ಪದಗಳನ್ನು ನಕಲು ಮಾಡಿಕೊಂಡೆ. ಆ ಚುಕ್ಕಿಗಳ ಮುಖ್ಯ ಕೆಲಸ ಬೇರೆ: ಮುದ್ರಣದಲ್ಲಿ ಸಾಲಿನ ಕೊನೆಗೆ ಜಾಗ ಸಾಲದಿದ್ದಾಗ ಪದವನ್ನು ಎಲ್ಲಿ ಮುರಿಯಬಹುದು ಎಂದು ತೋರಿಸುವುದು. ಸಾಲಿನ ಕೊನೆಯಲ್ಲಿ ಒಂದೇ ಅಕ್ಷರವನ್ನು ಒಂಟಿಯಾಗಿ ಬಿಡಬಾರದೆಂಬ ಕಾರಣಕ್ಕೆ, ಎರಡು ಉಚ್ಚಾರಾಂಶವಿರುವ 'ಅಬೌಟ್' ಎಂಬ ಪದಕ್ಕೆ ಕೆಲವು ನಿಘಂಟುಗಳಲ್ಲಿ ಚುಕ್ಕಿಯೇ ಇರುವುದಿಲ್ಲ. 'ನಾಲೆಜ್' ಎಂಬುದನ್ನು ಅಮೆರಿಕದ ಮುದ್ರಣದಲ್ಲಿ ಎಲ್ ಅಕ್ಷರದ ನಂತರ ಮುರಿದರೆ, ಬ್ರಿಟಿಷ್ ಸಂಪ್ರದಾಯದಲ್ಲಿ 'ನೋ' ಎಂಬ ಮೂಲಪದ ಹಾಳಾಗದಂತೆ ಎಲ್ ಅಕ್ಷರಕ್ಕಿಂತ ಮೊದಲು ಮುರಿಯುತ್ತಿದ್ದರು. ಉಚ್ಚಾರಾಂಶವನ್ನು ನೋಡಬೇಕಾದದ್ದು ಓರೆಗೆರೆಗಳ ನಡುವೆ ಕೊಟ್ಟಿರುವ ಧ್ವನಿಲಿಪಿಯಲ್ಲಿ. 1886ರಲ್ಲಿ ಪ್ಯಾರಿಸ್ಸಿನಲ್ಲಿ ಆರಂಭವಾದ ಅಂತಾರಾಷ್ಟ್ರೀಯ ಧ್ವನಿ ಸಂಘದ ಲಿಪಿಯನ್ನು ಈಗ ಬಹುತೇಕ ಕಲಿಕೆಯ ನಿಘಂಟುಗಳು ಬಳಸುತ್ತವೆ. ನೋಡಲು ಹೆದರಿಕೆಯಾದರೂ, ನಮಗೆ ಹೊಸದಾಗಿ ಬೇಕಾದ ಚಿಹ್ನೆಗಳು ಹದಿನೈದಕ್ಕಿಂತ ಹೆಚ್ಚಿಲ್ಲ. ಅವುಗಳಿಗೆ ಒಂದು ವಾರ ಸಾಕು. ಅದನ್ನು ಮುಂದೂಡಬೇಡಿ.

ಎರಡನೆಯ ತಿಂಗಳಲ್ಲಿ ಸ್ವರಭಾರದ ಪಾಠ ಆರಂಭವಾಯಿತು. ಇದನ್ನು ಕನ್ನಡದಲ್ಲಿ ಒತ್ತು ಎಂದೂ ಹೇಳುತ್ತಾರೆ. ನಮಗೆ ಒತ್ತು ಎಂದರೆ ಮೊದಲು ನೆನಪಾಗುವುದು ಅಕ್ಷರದ ಕೆಳಗಿನ ಒತ್ತಕ್ಷರ, ಆದ್ದರಿಂದ ನಾನು ಕೆಲವು ದಿನ ವ್ಯಂಜನಗಳನ್ನು ಇಮ್ಮಡಿಸುತ್ತ, 'ಡೆವೆಲಪ್' ಎಂಬುದನ್ನು 'ಡೆವ್ವೆಲಪ್' ಎನ್ನುತ್ತಿದ್ದೆ. ಇಂಗ್ಲಿಷಿನ ಸ್ವರಭಾರಕ್ಕೂ ವ್ಯಂಜನ ಇಮ್ಮಡಿಸುವುದಕ್ಕೂ ಸಂಬಂಧವಿಲ್ಲ. ಭಾರ ಬಿದ್ದ ಉಚ್ಚಾರಾಂಶದ ಸ್ವರ ಸ್ವಲ್ಪ ಉದ್ದವಾಗುತ್ತದೆ, ಧ್ವನಿ ಏರುತ್ತದೆ, ಕೊಂಚ ಗಟ್ಟಿಯಾಗುತ್ತದೆ. ಅದಕ್ಕಿಂತ ಮುಖ್ಯವಾದದ್ದು ಭಾರ ಬೀಳದ ಉಚ್ಚಾರಾಂಶಗಳಲ್ಲಿ ನಡೆಯುತ್ತದೆ: ಅವುಗಳ ಸ್ವರ ಬಣ್ಣ ಕಳೆದುಕೊಂಡು, ಎ ಆಗಲಿ ಓ ಆಗಲಿ ಯು ಆಗಲಿ, ಬಹಳ ಕಡೆ ಅರ್ಧ ಬಾಯಿಯ ಒಂದು ಮಸುಕಾದ ಅಕಾರವಾಗಿಬಿಡುತ್ತದೆ. ಅದಕ್ಕೆ 'ಶ್ವಾ' ಎಂದು ಹೆಸರು. ಧ್ವನಿಲಿಪಿಯಲ್ಲಿ ತಲೆಕೆಳಗಾಗಿ ನಿಂತ 'ಇ' ಅಕ್ಷರ ಅದರ ಗುರುತು. ಇಂಗ್ಲಿಷ್ ಮಾತಿನಲ್ಲಿ ಅತಿ ಹೆಚ್ಚು ಕೇಳಿಬರುವ ಸ್ವರ ಇದೇ. ಅದಕ್ಕೆ ವರ್ಣಮಾಲೆಯಲ್ಲಿ ಸ್ವಂತ ಅಕ್ಷರವಿಲ್ಲದ ಕಾರಣ ಬರೆದದ್ದನ್ನೇ ಓದುವವರಿಗೆ ಅದು ಎಂದೂ ಸಿಗುವುದಿಲ್ಲ.

ಅಧ್ಯಾಪಕಿಯವರು ಒಂದು ರಬ್ಬರ್ ಬ್ಯಾಂಡನ್ನು ನನ್ನ ಎರಡು ಹೆಬ್ಬೆರಳುಗಳ ನಡುವೆ ಸಿಕ್ಕಿಸಿ 'ಫೋಟೋಗ್ರಾಫ್' ಎಂದು ಹೇಳಲು ತಿಳಿಸಿದರು. ಮೊದಲ ತುಂಡಿಗೆ ಎಳೆಯಬೇಕು, ಉಳಿದ ಎರಡಕ್ಕೆ ಸಡಿಲ ಬಿಡಬೇಕು. ಅದಾದ ಮೇಲೆ 'ಫೋಟೋಗ್ರಫಿ' ಎಂದರು. ನಾನು ಮತ್ತೆ ಮೊದಲ ತುಂಡಿಗೇ ಎಳೆದೆ. ಅವರು ನನ್ನ ಕೈಗಳನ್ನು ಹಿಡಿದು ಒಟ್ಟಿಗೆ ತಂದು, ಎರಡನೆಯ ತುಂಡಿಗೆ ಎಳೆಸಿದರು: ಫ-ಟಾ-ಗ್ರ-ಫಿ. ಮೊದಲಿನ 'ಫೋ' ಎಲ್ಲಿಯೂ ಇಲ್ಲ, ಅದು ಮಸುಕಾಗಿ 'ಫ' ಆಗಿದೆ. ಮಸುಕಾಗಿದ್ದ 'ಟ' ಈಗ ಬಾಯಿ ತುಂಬಿದ 'ಟಾ' ಆಗಿದೆ. 'ಫೋಟೋಗ್ರಾಫಿಕ್' ಎಂದಾಗ ಭಾರ ಮೂರನೆಯ ತುಂಡಾದ 'ಗ್ರಾ' ಮೇಲೆ ಹೋಗಿ ಕುಳಿತಿತು. ಒಂದೇ ಮೂಲದ ಮೂರು ಪದ, ಭಾರ ಮೂರು ಜಾಗದಲ್ಲಿ, ಅದರ ಹಿಂದೆ ಹಿಂದೆ ಸ್ವರಗಳೂ ಬದಲಾಗುತ್ತವೆ. ಆ ಸಂಜೆ ರಬ್ಬರ್ ಬ್ಯಾಂಡನ್ನು ಹಿಡಿದುಕೊಂಡು ಈ ಮೂರನ್ನೇ ನೂರು ಸಲ ಹೇಳಿರಬೇಕು. ಬೆರಳು ಎಳೆಯುವ ಹೊತ್ತಿಗೆ ಬಾಯಿ ತಾನಾಗಿ ತೆರೆದುಕೊಳ್ಳುತ್ತಿತ್ತು, ಸಡಿಲ ಬಿಟ್ಟಾಗ ತಾನಾಗಿ ಮುಚ್ಚಿಕೊಳ್ಳುತ್ತಿತ್ತು.

ಅತ್ಯಂತ ಕಷ್ಟವಾದವು ಉದ್ದದ ಅಪರಿಚಿತ ಪದಗಳಲ್ಲ, ಕನ್ನಡದಲ್ಲಿಯೇ ಬೆರೆತುಹೋಗಿರುವ ಇಂಗ್ಲಿಷ್ ಪದಗಳು. 'ಹೋಟೆಲ್' ಎಂಬುದರ ಭಾರ ಎರಡನೆಯ ತುಂಡಿನ ಮೇಲೆ. 'ಡೆವಲಪ್' ಎನ್ನುವಾಗ ನಾವು ಮೊದಲ ತುಂಡನ್ನು ಎತ್ತುತ್ತೇವೆ, ಅದು 'ಡಿ-ವೆ-ಲಪ್' ಎಂದು ನಡುವೆ ಏಳಬೇಕು. 'ಡಿಟರ್ಮಿನ್' ಎಂಬುದಕ್ಕೆ ನಾವು ಕೊನೆಯಲ್ಲಿ 'ಮೈನ್' ಹಚ್ಚುವುದು ಭಾರ ತಪ್ಪಿದ್ದರ ನೇರ ಫಲ. ಈ ಪದಗಳನ್ನು ಕನ್ನಡ ಮಾತಿನ ನಡುವೆ ಹೇಳುವಾಗ ಕನ್ನಡದ ರೀತಿಯಲ್ಲಿಯೇ ಹೇಳಿದರೆ ತಪ್ಪೇನೂ ಇಲ್ಲ, ಅವು ಈಗ ನಮ್ಮ ಪದಗಳೇ. ಇಂಗ್ಲಿಷ್ ವಾಕ್ಯದಲ್ಲಿ ಬಂದಾಗ ಮಾತ್ರ ಅವನ್ನು ಬೇರೆ ಪದಗಳೆಂದೇ ತಿಳಿದು ಹೊಸದಾಗಿ ಕಲಿಯಬೇಕು. ಅವುಗಳಿಗೆ ನಾನು ನೋಟ್‌ಬುಕ್ಕಿನಲ್ಲಿ ಪ್ರತ್ಯೇಕ ಹಾಳೆಗಳನ್ನೇ ಇಟ್ಟೆ.

ಮುಂದಿನ ಮೂರು ತಿಂಗಳು, ಅಂದರೆ ಐದನೆಯ ತಿಂಗಳ ಕೊನೆಯವರೆಗೆ, ನಾನು ಮಾಡಿದ ತಪ್ಪನ್ನು ವಿವರವಾಗಿ ಹೇಳಲೇಬೇಕು. ಪದಗಳನ್ನು ಒಂದೊಂದಾಗಿ ನಿಘಂಟಿನಲ್ಲಿ ನೋಡಿ, ಭಾರದ ಜಾಗವನ್ನು ಬರೆದುಕೊಂಡು, ಬಾಯಿಪಾಠ ಮಾಡುತ್ತಿದ್ದೆ. ದಿನಕ್ಕೆ ಐದು ಪದ ಕಲಿತರೆ ಮೂರು ಮರೆಯುತ್ತಿದ್ದವು. ಪದದ ಮೊದಲಿನಿಂದ ಶುರುಮಾಡಿ ಕೊನೆಗೆ ಬರುವುದು ನನ್ನ ಕ್ರಮವಾಗಿತ್ತು, ಅದೇ ತಪ್ಪು. ಇಂಗ್ಲಿಷಿನ ಉದ್ದ ಪದಗಳಲ್ಲಿ ಭಾರವನ್ನು ನಿರ್ಧರಿಸುವುದು ಬಹುತೇಕ ಬಾಲ, ಅಂದರೆ ಕೊನೆಗೆ ಸೇರಿದ ಪ್ರತ್ಯಯ. 'ಇಕ್', 'ಇಟಿ', 'ಶನ್', 'ಇಕಲ್', 'ಇಯನ್' ಎಂದು ಮುಗಿಯುವ ಪದಗಳಲ್ಲಿ ಭಾರ ಆ ಪ್ರತ್ಯಯದ ಹಿಂದಿನ ಉಚ್ಚಾರಾಂಶದ ಮೇಲೆ ಬೀಳುತ್ತದೆ. 'ರೆಸ್ಪಾನ್ಸಿಬಿಲಿಟಿ' ಎಂಬ ಆರು ತುಂಡಿನ ಪದದಲ್ಲಿ ಕೊನೆಯ 'ಇಟಿ' ಹಿಡಿದರೆ ಅದರ ಹಿಂದಿನ 'ಬಿ' ತಾನಾಗಿ ಸಿಗುತ್ತದೆ. 'ಕ್ಯಾರಕ್ಟರಿಸ್ಟಿಕ್' ಎಂಬುದರಲ್ಲಿ 'ರಿಸ್' ಸಿಗುತ್ತದೆ. 'ಲಜಿ', 'ಗ್ರಫಿ', 'ಕ್ರಸಿ' ಎಂದು ಮುಗಿದರೆ ಕೊನೆಯಿಂದ ಮೂರನೆಯ ಉಚ್ಚಾರಾಂಶ: ಬಯಾಲಜಿ, ಡೆಮಾಕ್ರಸಿ. 'ಈರ್', 'ಈಸ್' ಎಂಬ ಬಾಲಗಳು ಭಾರವನ್ನು ತಮ್ಮ ಮೇಲೆಯೇ ಎಳೆದುಕೊಳ್ಳುತ್ತವೆ: ಎಂಜಿನೀರ್, ವಾಲಂಟೀರ್, ಜಪಾನೀಸ್. 'ಮೆಂಟ್', 'ನೆಸ್', 'ಫುಲ್', 'ಲಿ', 'ಲೆಸ್' ಮಾತ್ರ ಸಾಧು ಬಾಲಗಳು, ಅವು ಸೇರಿದರೂ ಮೂಲಪದದ ಭಾರ ಇದ್ದಲ್ಲಿಯೇ ಇರುತ್ತದೆ. ಆದ್ದರಿಂದ 'ಡಿವೆಲಪ್' ಸರಿಹೋದರೆ 'ಡಿವೆಲಪ್‌ಮೆಂಟ್' ಜೊತೆಗೇ ಸರಿಹೋಗುತ್ತದೆ. ಈ ಹಿಡಿತ ಸಿಕ್ಕಿದ ಮೇಲೆ ನೋಟ್‌ಬುಕ್ಕನ್ನು ಹರಿದು ಹೊಸದಾಗಿ, ಮೊದಲ ಅಕ್ಷರದ ಕ್ರಮದಲ್ಲಲ್ಲದೆ ಬಾಲದ ಕ್ರಮದಲ್ಲಿ, ಬರೆದೆ. ಮೂರು ತಿಂಗಳಲ್ಲಿ ಆಗದ್ದು ಮೂರು ವಾರದಲ್ಲಿ ಆಯಿತು.

ಅಪವಾದಗಳಿವೆ, ಮತ್ತು ಅವು ಸಾಮಾನ್ಯ ಪದಗಳಲ್ಲಿಯೇ ಇವೆ. 'ಪಾಲಿಟಿಕ್ಸ್', 'ಅರೇಬಿಕ್', 'ಕ್ಯಾಥಲಿಕ್' ಪದಗಳಲ್ಲಿ ಭಾರ ಮೊದಲ ತುಂಡಿನ ಮೇಲೆ. 'ಕಮಿಟಿ' ಎಂಬುದು ಭಾರ ಎಳೆದುಕೊಳ್ಳುವ 'ಈ' ಬಾಲದ ಪದದಂತೆ ಕಂಡರೂ ಅದರ ಭಾರ ನಡುವಿನ 'ಮಿ' ಮೇಲಿದೆ. 'ಥರ್ಮಾಮೀಟರ್', 'ಬರಾಮೀಟರ್' ಎಂಬ ಉಪಕರಣಗಳಿಗೆ 'ಮಾ', 'ರಾ' ಮೇಲೆ ಭಾರ. ಅದೇ ಬಾಲದ 'ಸೆಂಟಿಮೀಟರ್' ಎಂಬ ಅಳತೆಗೆ ಮೊದಲ ತುಂಡಿನ ಮೇಲೆ. 'ಕಿಲೋಮೀಟರ್' ಎಂಬುದನ್ನು ಎರಡೂ ರೀತಿಯಲ್ಲಿ ಹೇಳುವವರಿದ್ದಾರೆ. ಹಾಗೆಯೇ 'ರೆಕಾರ್ಡ್', 'ಪ್ರೆಸೆಂಟ್', 'ಪರ್ಮಿಟ್' ಮೊದಲಾದ ಎರಡು ತುಂಡಿನ ಜೋಡಿಪದಗಳಲ್ಲಿ ನಾಮಪದಕ್ಕೆ ಮೊದಲ ತುಂಡಿನ ಮೇಲೆ, ಕ್ರಿಯಾಪದಕ್ಕೆ ಎರಡನೆಯದರ ಮೇಲೆ ಭಾರ. ಇವನ್ನು ವಾಕ್ಯದಲ್ಲಿಟ್ಟೇ ಅಭ್ಯಾಸ ಮಾಡಬೇಕು, ಒಂಟಿಯಾಗಿ ಕಲಿತರೆ ಓದುವಾಗ ಕೈಕೊಡುತ್ತವೆ.

ಪ್ರತ್ಯಯವೇ ಕಾಣದ ಉದ್ದ ನಾಮಪದಗಳ ಗತಿ ಏನು ಎಂಬ ಪ್ರಶ್ನೆ ಉಳಿದಿತ್ತು. ಅಲ್ಲಿ ಮತ್ತೆ ಲಘು ಗುರು ಬಂದವು. ಲ್ಯಾಟಿನ್ ಭಾಷೆಯಲ್ಲಿ, ಕೊನೆಯಿಂದ ಎರಡನೆಯ ಉಚ್ಚಾರಾಂಶ ಗುರುವಾಗಿದ್ದರೆ ಭಾರ ಅದರ ಮೇಲೆ, ಲಘುವಾಗಿದ್ದರೆ ಅದಕ್ಕಿಂತ ಒಂದು ಹಿಂದೆ ಎಂಬ ನಿಯಮವಿತ್ತು. ಇಂಗ್ಲಿಷಿನ ಹಲವು ನಾಮಪದಗಳು ಅದೇ ಜಾಡಿನಲ್ಲಿ ನಡೆಯುತ್ತವೆ. 'ಅಜೆಂಡಾ' ಎಂಬುದರಲ್ಲಿ 'ಜೆನ್' ವ್ಯಂಜನದಿಂದ ಮುಚ್ಚಿಕೊಂಡು ಗುರುವಾಗಿದೆ, ಭಾರ ಅಲ್ಲಿಯೇ. 'ಡಿಪ್ಲೋಮಾ', 'ಹೊರೈಜನ್' ಪದಗಳಲ್ಲಿ ನಡುವಿನ ಸ್ವರ ದೀರ್ಘ, ಆದ್ದರಿಂದ ಗುರು, ಭಾರವೂ ಅದಕ್ಕೇ. 'ಸಿನಿಮಾ', 'ಅನಿಮಲ್', 'ಹಾಸ್ಪಿಟಲ್' ಪದಗಳಲ್ಲಿ ನಡುವಿನದು ಲಘು, ಆದ್ದರಿಂದ ಭಾರ ಮೊದಲ ತುಂಡಿಗೆ. 'ಕ್ಯಾಲೆಂಡರ್', 'ಸಿಲಿಂಡರ್' ಈ ನಿಯಮಕ್ಕೆ ಒಗ್ಗುವುದಿಲ್ಲ. ನಿಯಮ ಊಹೆಗೆ ಆಧಾರ, ಖಾತ್ರಿಗೆ ನಿಘಂಟೇ ಬೇಕು. ಹೀಗಿದ್ದರೂ, ಶಾಲೆಯಲ್ಲಿ ಪ್ರಸ್ತಾರ ಹಾಕುವಾಗ ಬಳಸಿದ ಗೆರೆ ಮತ್ತು ಬಾಗುಗೆರೆಗಳನ್ನು ಇಂಗ್ಲಿಷ್ ಪದಗಳ ಮೇಲೆ ಎಳೆದು, ಊಹಿಸಿದ ಭಾರ ನಿಘಂಟಿನಲ್ಲಿ ಸರಿಯಾಗಿ ಕಂಡುಬಂದಾಗ ಆದ ಸಂತೋಷವನ್ನು ನಾನು ಮರೆಯಲಾರೆ. ಮೊದಲ ಪರೀಕ್ಷೆಯ ನಂತರ ಕಳೆದುಹೋಗಿದ್ದ ಧೈರ್ಯ ಮರಳಿದ್ದು ಆ ವಾರದಲ್ಲಿ.

ಏಳನೆಯ ತಿಂಗಳಿನಿಂದ ಅರ್ಥದ ತುಂಡುಗಳನ್ನು ಕಲಿಯಲು ತೊಡಗಿದೆ. ಭಾಷಾವಿಜ್ಞಾನದಲ್ಲಿ ಇವನ್ನು ಆಕೃತಿಮಾ ಎನ್ನುತ್ತಾರೆ. ಅರ್ಥದ ತುಂಡೂ ಧ್ವನಿಯ ತುಂಡೂ ಒಂದೇ ಎಂದು ಭಾವಿಸಿದ್ದು ನನ್ನ ಕೊನೆಯ ದೊಡ್ಡ ತಪ್ಪು. 'ಹೆಲಿಕಾಪ್ಟರ್' ಪದವನ್ನು ಹೇಳುವಾಗ 'ಹೆ-ಲಿ-ಕಾಪ್-ಟರ್' ಎಂದು ನಾಲ್ಕಾಗಿ ಒಡೆಯುತ್ತೇವೆ, ಅರ್ಥಕ್ಕೆ 'ಹೆಲಿ' ಮತ್ತು 'ಕಾಪ್ಟರ್' ಎಂದು ಎರಡಾಗಿಸಲು ಮನಸ್ಸು ಹೋಗುತ್ತದೆ. ಗ್ರೀಕ್ ಮೂಲದಲ್ಲಿ ಅದು 'ಹೆಲಿಕೊ' ಅಂದರೆ ಸುರುಳಿ, 'ಪ್ಟರ್' ಅಂದರೆ ರೆಕ್ಕೆ. ಹಾರುವ ಪುರಾತನ ಸರೀಸೃಪವಾದ ಟೆರೊಡ್ಯಾಕ್ಟಿಲ್ ಹೆಸರಿನ ಆರಂಭದಲ್ಲಿ ಬರೆದೂ ಹೇಳದೆ ಬಿಡುವ 'ಪಿ' ಅಕ್ಷರ ಇದೇ ರೆಕ್ಕೆಯದು. ಅರ್ಥದ ಗಡಿ ಇರುವುದು ಕಕಾರ ಮತ್ತು ಪಕಾರಗಳ ನಡುವೆ, ನಾಲಿಗೆಯ ಗಡಿ ಪಕಾರವಾದ ಮೇಲೆ. ಎರಡೂ ಸರಿ, ಎರಡೂ ಬೇರೆ.

ಅರ್ಥದ ತುಂಡು ತಿಳಿಯದಿದ್ದರೆ ಓದೇ ಕೆಡುವ ಪದಗಳೂ ಇವೆ. 'ಇನ್‌ಫ್ರಾ' ಮತ್ತು 'ರೆಡ್' ಸೇರಿದ ಪದವನ್ನು ನಾನು ಬಹಳ ಕಾಲ 'ಇನ್‌ಫ್ರೇರ್ಡ್' ಎಂದು ಒಂದೇ ಉಸಿರಿನ ಕ್ರಿಯಾಪದದಂತೆ ಓದಿದ್ದೆ. 'ಅನ್‌ಲಾಕಬಲ್' ಎಂಬ ಪದವನ್ನು ಯಾವ ಕ್ರಮದಲ್ಲಿ ಕಟ್ಟಿದರು ಎಂಬುದರ ಮೇಲೆ ಅರ್ಥವೇ ತಿರುಗಿ ನಿಲ್ಲುತ್ತದೆ: ಬೀಗ ಹಾಕಲು ಬರುವುದಕ್ಕೆ 'ಅನ್' ಸೇರಿದರೆ ಬೀಗವೇ ಹಾಕಲಾಗದ್ದು, ಬೀಗ ತೆಗೆಯುವುದಕ್ಕೆ 'ಅಬಲ್' ಸೇರಿದರೆ ಬೀಗ ತೆಗೆಯಬಹುದಾದದ್ದು. 'ಇನ್' ಎಂಬ ಪೂರ್ವಪ್ರತ್ಯಯ 'ಇಂಪಾಸಿಬಲ್', 'ಇಲ್ಲೀಗಲ್', 'ಇರ್ರೆಗ್ಯುಲರ್' ಎಂದು ವೇಷ ಬದಲಿಸುವುದು ಮೊದಲು ಗೊಂದಲ ತಂದರೂ, ನಮ್ಮ ಸಂಧಿಯನ್ನು ನೆನೆದಾಗ ಒಡನೆ ತಿಳಿಯಾಯಿತು. 'ಸಂಪೂರ್ಣ'ದ ಸೊನ್ನೆ ಮಕಾರವಾಗಿ, 'ಸಂತೋಷ'ದ ಸೊನ್ನೆ ನಕಾರವಾಗಿ ಕೇಳುವುದಿಲ್ಲವೆ? 'ಉತ್' ಮತ್ತು 'ಲಾಸ' ಸೇರಿ 'ಉಲ್ಲಾಸ' ಆಗುವುದಿಲ್ಲವೆ? ಒಂದು ಅಪಾಯವನ್ನು ಮಾತ್ರ ಗಮನದಲ್ಲಿಡಿ: 'ಇನ್‌ಫ್ಲೇಮಬಲ್' ಎಂಬುದರ 'ಇನ್' ನಿಷೇಧದ್ದಲ್ಲ, ಒಳಗೆ ಎಂಬ ಅರ್ಥದ್ದು, ಆ ಪದಕ್ಕೆ ಸುಲಭವಾಗಿ ಹೊತ್ತಿಕೊಳ್ಳುವಂಥದ್ದು ಎಂದೇ ಅರ್ಥ. ಜನ ಅದನ್ನು ತಿರುಗುಮುರುಗಾಗಿ ತಿಳಿದಾರೆಂಬ ಆತಂಕದಿಂದಲೇ 20ನೆಯ ಶತಮಾನದಲ್ಲಿ ಎಚ್ಚರಿಕೆಯ ಫಲಕಗಳಿಗೆ 'ಫ್ಲೇಮಬಲ್' ಎಂಬ ರೂಪವನ್ನು ಬಳಕೆಗೆ ತಂದರು.

ಎಂಟನೆಯ ತಿಂಗಳ ಕೊನೆಯ ಪಾಠದಲ್ಲಿ ಅಧ್ಯಾಪಕಿಯವರು ಒಂದು ಚೀಟಿಯ ಮೇಲೆ 45 ಅಕ್ಷರಗಳ ಪದವೊಂದನ್ನು ಬರೆದು ಕೊಟ್ಟರು: ನ್ಯೂಮೊನೊಅಲ್ಟ್ರಾಮೈಕ್ರೊಸ್ಕಾಪಿಕ್‌ಸಿಲಿಕೊವಾಲ್ಕೇನೊಕೋನಿಯೋಸಿಸ್. 1935ರಲ್ಲಿ ಅಮೆರಿಕದ ಒಗಟುಪ್ರಿಯರ ಸಂಘವೊಂದರ ಅಧ್ಯಕ್ಷರಾಗಿದ್ದ ಎವೆರೆಟ್ ಸ್ಮಿತ್ ಎಂಬುವರು ಉದ್ದಕ್ಕಾಗಿಯೇ ಕಟ್ಟಿದ ಪದ ಇದು. ಮೊದಲು ಅರ್ಥಕ್ಕೆ ಒಡೆದೆ: ಶ್ವಾಸಕೋಶ, ಅತಿ, ಸೂಕ್ಷ್ಮದರ್ಶಕಕ್ಕೆ ಕಾಣುವಂಥದ್ದು, ಸಿಲಿಕಾ, ಜ್ವಾಲಾಮುಖಿ, ಧೂಳು, ಕೊನೆಗೆ ರೋಗಸ್ಥಿತಿಯನ್ನು ಹೇಳುವ 'ಓಸಿಸ್'. ಆಮೇಲೆ ಬಾಲ ಹಿಡಿದೆ: 'ಓಸಿಸ್' ಎಂದು ಮುಗಿಯುವ ರೋಗದ ಹೆಸರುಗಳಲ್ಲಿ ಭಾರ ಆ 'ಓ' ಮೇಲೆಯೇ. ಕೊನೆಗೆ ಗಲ್ಲಕ್ಕೆ ಕೈಹಚ್ಚಿ ಎಣಿಸಿದೆ: 19 ಉಚ್ಚಾರಾಂಶ. ಮೂರನೆಯ ಪ್ರಯತ್ನಕ್ಕೆ ಪೂರ್ತಿ ಪದ ತಡವರಿಸದೆ ಬಂದಿತು. ಅವರು ಏನೂ ಹೇಳದೆ ಆ ಚೀಟಿಯನ್ನು ಮಡಚಿ ನನ್ನ ನೋಟ್‌ಬುಕ್ಕಿನ ಒಳಗಿಟ್ಟರು.

ಎರಡನೆಯ ಪರೀಕ್ಷೆಗೆ ದಿನಾಂಕ ಸಿಗಲು ಐದು ವಾರ ಕಾಯಬೇಕಾಯಿತು. ಅರ್ಜಿಯಲ್ಲಿ ನನ್ನ ಹೆಸರಿನ ಕಾಗುಣಿತ ಗುರುತಿನ ಚೀಟಿಯಲ್ಲಿದ್ದುದಕ್ಕಿಂತ ಒಂದು ಅಕ್ಷರ ಬೇರೆಯಾಗಿತ್ತು. ಅದನ್ನು ತಿದ್ದಿಸಲು ಪತ್ರದ ಮೇಲೆ ಪತ್ರ ಬರೆದು ಮತ್ತೂ ಹತ್ತು ದಿನ ಹೋಯಿತು. ಅರ್ಜಿ ತುಂಬುವಾಗ ಗುರುತಿನ ಚೀಟಿಯನ್ನು ಎದುರಿಗೇ ಇಟ್ಟುಕೊಂಡು ಅಕ್ಷರಕ್ಕೆ ಅಕ್ಷರ ಹೊಂದಿಸಿ ಬರೆಯಿರಿ. ಕಾಯುವ ಆ ಅವಧಿಯಲ್ಲಿ ಇನ್ನೊಂದು ಸಂದೇಹ ಕಾಡಿತು. 'ಲ್ಯಾಬೊರೇಟರಿ' ಎಂಬುದಕ್ಕೆ ಬ್ರಿಟಿಷರು ಎರಡನೆಯ ತುಂಡಿನ ಮೇಲೆ, ಅಮೆರಿಕನ್ನರು ಮೊದಲನೆಯದರ ಮೇಲೆ ಭಾರ ಹಾಕುತ್ತಾರೆ. 'ಅಡ್ವರ್ಟೈಸ್‌ಮೆಂಟ್' ಎಂಬುದಕ್ಕೆ ಬ್ರಿಟಿಷರದು 'ವರ್' ಮೇಲೆ, ಅಮೆರಿಕನ್ನರದು ಸಾಮಾನ್ಯವಾಗಿ 'ಟೈಸ್' ಮೇಲೆ. ಯಾವುದು ಸರಿ ಎಂದು ಪರೀಕ್ಷೆಯ ಸೂಚನಾಪತ್ರವನ್ನು ತಿರುವಿಹಾಕಿದಾಗ ಎರಡನ್ನೂ ಒಪ್ಪುತ್ತಾರೆಂದು ಬರೆದಿತ್ತು. ನಿಮ್ಮ ಪರೀಕ್ಷೆಯ ಸೂಚನೆಯಲ್ಲಿ ಇದನ್ನು ಮೊದಲೇ ನೋಡಿಕೊಳ್ಳಿ, ಒಂದು ಪದ್ಧತಿಯನ್ನು ಆರಿಸಿಕೊಂಡು ಅದರ ನಿಘಂಟನ್ನು ಮಾತ್ರ ಬಳಸಿ. ನಾನು ಎರಡು ನಿಘಂಟುಗಳಿಗೆ ಹಣ ಹಾಕಿದೆ. ಅವುಗಳಲ್ಲೊಂದು ಭಾರದ ಗುರುತನ್ನು ಉಚ್ಚಾರಾಂಶಕ್ಕೆ ಮೊದಲು ಹಾಕುತ್ತಿದ್ದರೆ ಇನ್ನೊಂದು ಅದರ ನಂತರ ಹಾಕುತ್ತಿದ್ದುದರಿಂದ ಗೊಂದಲವೇ ಹೆಚ್ಚಾಯಿತು.

ಪರೀಕ್ಷೆಯ ದಿನ ಪರದೆಯ ಮೇಲೆ ಬಂದ ಪರಿಚ್ಛೇದದ ಎರಡನೆಯ ಸಾಲಿನಲ್ಲಿ ನಾನು ನೋಟ್‌ಬುಕ್ಕಿನಲ್ಲಿ ಎಂದೂ ಬರೆಯದಿದ್ದ ಪದವೊಂದು ನಿಂತಿತ್ತು: ಎಪಿಡೀಮಿಯಲಾಜಿಕಲ್. ಎದೆ ಒಮ್ಮೆ ಧಸಕ್ಕೆಂದಿತು. ಓದುವ ಮೊದಲು ಸಿದ್ಧತೆಗೆ ಕೊಟ್ಟ ಸಮಯ ಇನ್ನೂ ಮುಗಿದಿರಲಿಲ್ಲ. ಕೊನೆಯಲ್ಲಿ 'ಇಕಲ್' ಇದೆ, ಆದ್ದರಿಂದ ಭಾರ ಅದರ ಹಿಂದಿನ 'ಲಾ' ಮೇಲೆ. ಒಳಗೆ ಡೆಮಾಕ್ರಸಿಯಲ್ಲಿರುವ, ಜನ ಎಂಬರ್ಥದ ಗ್ರೀಕ್ ಪದವೇ ಅಡಗಿದೆ. ಅದರ ಹಿಂದೆ 'ಎಪಿ', ಮೇಲೆ ಎಂಬ ಅರ್ಥದ್ದು. ಜನರ ಮೇಲೆ ಎರಗುವ ರೋಗದ ವಿಜ್ಞಾನಕ್ಕೆ ಸಂಬಂಧಿಸಿದ್ದು. ಮೇಜಿನ ಕೆಳಗೆ, ಕಾಣದಂತೆ, ಎರಡು ಹೆಬ್ಬೆರಳುಗಳನ್ನು ರಬ್ಬರ್ ಬ್ಯಾಂಡ್ ಇರುವಂತೆ ಹಿಡಿದು ಮನಸ್ಸಿನಲ್ಲಿ ಒಮ್ಮೆ ಹೇಳಿಕೊಂಡೆ: ಎ-ಪಿ-ಡೀ-ಮಿ-ಅ-ಲಾ-ಜಿ-ಕಲ್. ಎಂಟು ತುಂಡು, ಆರನೆಯದಕ್ಕೆ ಎಳೆತ. ಧ್ವನಿಮುದ್ರಣ ಶುರುವಾದಾಗ ಆ ಸಾಲನ್ನು ನಿಲ್ಲದೆ ದಾಟಿದೆ.

ಈ ಸಲ ಫಲಿತಾಂಶ ಒಂಬತ್ತನೆಯ ದಿನಕ್ಕೇ ಬಂದಿತು. ಉಚ್ಚಾರಣೆಯ ಎದುರಿಗೆ ಬೇಕಾಗಿದ್ದ ಶ್ರೇಣಿ ಇತ್ತು. ಅಧ್ಯಾಪಕಿಯವರಿಗೆ ಫೋನ್ ಮಾಡಿ ತಿಳಿಸಿದಾಗ ಅವರು ಬಹಳ ಸಂತೋಷಪಟ್ಟು, ಆಮೇಲೆ, "ವಾಕ್ಯದ ವೇಗ ಹೆಚ್ಚಾದರೆ ನಿಮಗೆ ಇನ್ನೂ 'ಡೆವಲಪ್' ಹಿಂದಕ್ಕೆ ಜಾರುತ್ತದೆ, ಗಮನವಿರಲಿ" ಎಂದರು. ಅದು ನಿಜ. ಕನ್ನಡದಲ್ಲಿ ಬೆರೆತ ಪದಗಳ ಆ ಹಾಳೆಗಳನ್ನು ಈಗಲೂ ಬೆಳಿಗ್ಗೆ ಒಮ್ಮೆ ಗಟ್ಟಿಯಾಗಿ ಓದುತ್ತೇನೆ.